‘ಸಾಕು’ ಅಂದದ್ದು ‘ಹಾಕು’ ಅಂತ ಕೇಳಿಸಿತು: ಪೈಲಟ್‌ಗಳು ಕಿವಿ ಕಾಪಾಡಿಕೊಳ್ಳುವ ಬಗೆ

ಮೂಡಿಗೆರೆ ಹತ್ತಿರದ ನಮ್ಮ ಮನೆಯಲ್ಲಿ ಒಂದು ಊಟ. ಸಾಲಾಗಿ ಎಲೆ ಹಾಕಿದ್ದರು. ನಾನು ಸಾರಿನ ಬಕೆಟ್ ಹಿಡಿದು ಬಡಿಸುತ್ತಿದ್ದೆ. ಒಳಗೆ ಮಿಕ್ಸಿ ಓಡುತ್ತಿತ್ತು, ಮಕ್ಕಳ ಗಲಾಟೆ ಬೇರೆ. ದೊಡ್ಡಮ್ಮ ಪಕ್ಕದವರ ಜೊತೆ ಮಾತಾಡುತ್ತಲೇ ಏನೋ ಅಂದರು. ‘ಹಾಕು’ ಅಂತ ಕೇಳಿಸಿತು. ಇನ್ನೊಂದು ಸೌಟು ಹಾಕಿದೆ. ಮತ್ತೆ ಅಂದರು, ಮತ್ತೊಂದು ಸೌಟು ಹಾಕಿದೆ. ಕೊನೆಗೆ ಎರಡೂ ಕೈ ಎಲೆಗೆ ಅಡ್ಡ ಹಿಡಿದು, "ಸಾಕು ಅಂತಿದೀನಲ್ಲೇ, ಕಿವಿ ಕೇಳಿಸಲ್ವಾ ನಿಂಗೆ?" ಅಂದರು. ಎಲ್ಲರೂ ನಕ್ಕರು. ನನಗೆ ಮಾತ್ರ ಹೊಟ್ಟೆಯಲ್ಲಿ ತಣ್ಣಗಾಯಿತು. ಯಾಕೆಂದರೆ ನಾನು ಪೈಲಟ್. ಎರಡು ತಿಂಗಳ ಹಿಂದಷ್ಟೇ ಮೆಡಿಕಲ್ ಪರೀಕ್ಷೆಯಲ್ಲಿ ‘ಫಿಟ್’ ಅಂತ ಬರೆಸಿಕೊಂಡು ಬಂದಿದ್ದೆ.

‘ಸಾಕು’ ಮತ್ತು ‘ಹಾಕು’ ನಡುವೆ ಇರುವುದು ಒಂದೇ ಅಕ್ಷರದ ವ್ಯತ್ಯಾಸ. ‘ಸ’ ಅನ್ನುವ ಸಪ್ಪಳ ತುಂಬಾ ತೆಳು, ತುಂಬಾ ಮೇಲಿನ ಸ್ವರದ್ದು. ಸ್ವರ ಎಷ್ಟು ಮೇಲಿದೆ ಅಂತ ಅಳೆಯುವುದು ಹರ್ಟ್ಸ್‌ನಲ್ಲಿ; ‘ಸ’ದ ಶಕ್ತಿ ಹೆಚ್ಚಾಗಿ 4000 ಹರ್ಟ್ಸ್‌ಗಿಂತ ಮೇಲೆ ಇರುತ್ತದೆ. ಗದ್ದಲದಿಂದ ಕಿವಿ ಹಾಳಾಗುವಾಗ ಮೊದಲು ಪೆಟ್ಟು ತಿನ್ನುವ ಜಾಗವೂ ಅದೇ, 3000ದಿಂದ 6000 ಹರ್ಟ್ಸ್. ಹಾಗಾಗಿ ಮಾತು ಕೇಳಿಸುತ್ತದೆ, ಆದರೆ ಯಾವ ಮಾತು ಅಂತ ಗೊತ್ತಾಗುವುದಿಲ್ಲ. ಗುಡುಗು, ಲಾರಿ, ಎಂಜಿನ್ ಎಲ್ಲ ಚೆನ್ನಾಗಿ ಕೇಳಿಸುವುದರಿಂದ ‘ನನ್ನ ಕಿವಿಗೇನಾಗಿದೆ’ ಅಂತ ನಾವು ಧೈರ್ಯವಾಗಿ ಇರುತ್ತೇವೆ.

ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನ ಹಾಗೆ ಸುರುಳಿ ಸುತ್ತಿದ ಒಂದು ಕೊಳವೆ ಇದೆ. ಅದರೊಳಗೆ ಒಂದೊಂದು ಕಿವಿಗೆ ಸುಮಾರು 15,000 ಕೂದಲು ಕೋಶಗಳು. ಸದ್ದು ಬಂದಾಗ ಅವು ಬಾಗುತ್ತವೆ, ನರಕ್ಕೆ ಸುದ್ದಿ ಕೊಡುತ್ತವೆ. ಒಂದು ದಿನ ಜಾಸ್ತಿ ಬಾಗಿದರೆ ರಾತ್ರಿ ಕಳೆದು ಸುಧಾರಿಸಿಕೊಳ್ಳಬಹುದು. ದಿನಾ ಬಾಗಿಸಿದರೆ ಸಾಯುತ್ತವೆ. ಮನುಷ್ಯರಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ಔಷಧಿ ಇಲ್ಲ, ಆಪರೇಷನ್ ಇಲ್ಲ. ಇರುವುದನ್ನು ಉಳಿಸಿಕೊಳ್ಳುವುದೊಂದೇ ದಾರಿ.

ಹಾಸನ, ಚಿಕ್ಕಮಗಳೂರು ಕಡೆಯಿಂದ ಈಗ ತುಂಬಾ ಹುಡುಗ ಹುಡುಗಿಯರು ಪೈಲಟ್ ಆಗಲು ಹೊರಟಿದ್ದಾರೆ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದಾಗ ನಮ್ಮೂರುಗಳಲ್ಲಿ ವಿಮಾನ ಅಂದರೆ ಇನ್ನೂ ತಲೆಯೆತ್ತಿ ನೋಡುವ ವಸ್ತು. ಈಗ ಪಕ್ಕದ ಶಿವಮೊಗ್ಗದಲ್ಲೇ 2023ರಿಂದ ವಿಮಾನ ನಿಲ್ದಾಣ ಇದೆ. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೂ, ಈಗಾಗಲೇ ಹಾರುತ್ತಿರುವವರಿಗೂ ನಾನು ತಡವಾಗಿ ಕಲಿತದ್ದನ್ನು ಒಂದೊಂದೇ ಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಹಾರುವ ಮೊದಲೇ ಒಂದು ಆಡಿಯೋಗ್ರಾಂ

ಮೊದಲ ಪಾಠಕ್ಕೆ ವಿಮಾನ ಹತ್ತುವ ಮೊದಲೇ ಕಿವಿ ಪರೀಕ್ಷೆ ಮಾಡಿಸಿ, ಅದರ ಕಾಗದ ನಿಮ್ಮ ಕೈಯಲ್ಲಿ ಇಟ್ಟುಕೊಳ್ಳಿ. ನಾನು ಇದನ್ನು ಮಾಡಲಿಲ್ಲ. ಇವತ್ತು ನನ್ನ ಎಡಗಿವಿಯಲ್ಲಿ ಕಾಣುವ ನಷ್ಟ ಯಾವ ವರ್ಷ ಶುರುವಾಯಿತು ಅಂತ ಹೇಳಲು ನನ್ನ ಹತ್ತಿರ ಏನೂ ಇಲ್ಲ.

ಎಲ್ಲಿ ಮಾಡಿಸುವುದು? ಹಾಸನದ ಹಿಮ್ಸ್ ಆಗಲಿ, ಚಿಕ್ಕಮಗಳೂರಿನ ಮೆಡಿಕಲ್ ಕಾಲೇಜು ಆಸ್ಪತ್ರೆ ಆಗಲಿ, ಕಿವಿ ಮೂಗು ಗಂಟಲು ವಿಭಾಗಕ್ಕೆ ಹೋಗಿ ಪ್ಯೂರ್ ಟೋನ್ ಆಡಿಯೋಮೆಟ್ರಿ ಯಾವ ದಿನ ಇರುತ್ತದೆ ಅಂತ ಕೇಳಿ. ಇನ್ನೂ ಕೂಲಂಕಷವಾಗಿ ಬೇಕು ಅಂದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಲ್ಲಿ ಶುರುವಾದದ್ದು, ಮಾನಸಗಂಗೋತ್ರಿಯಲ್ಲಿದೆ, ಎಲ್ಲರೂ ಆಯಿಷ್ ಅಂತ ಕರೆಯುತ್ತಾರೆ. ಹಾಸನದಿಂದ ರೈಲಿನಲ್ಲಿ ಹೋಗಿ ಬರಬಹುದು. ದೇಶದ ಬೇರೆ ಬೇರೆ ಕಡೆಯಿಂದ ಜನ ಅಲ್ಲಿಗೆ ಬರುತ್ತಾರೆ, ನಮಗೆ ಅದು ಮನೆಯ ಹತ್ತಿರವೇ ಇದೆ.

ಪರೀಕ್ಷೆಗೆ ಮೊದಲು ಮೂರು ವಿಷಯ ನೋಡಿಕೊಳ್ಳಿ. ಹಿಂದಿನ 14 ಗಂಟೆ ಕಿವಿಗೆ ದೊಡ್ಡ ಗದ್ದಲ ಬೀಳಬಾರದು. ಹಿಂದಿನ ರಾತ್ರಿ ಆರ್ಕೆಸ್ಟ್ರಾ, ಡಿಜೆ ಬೇಡ, ಇಯರ್‌ಫೋನ್ ಕೂಡ ಬೇಡ. ಕಿವಿಯಲ್ಲಿ ಗುಗ್ಗೆ ತುಂಬಿದೆಯಾ ಅಂತ ಡಾಕ್ಟರ ಹತ್ತಿರ ನೋಡಿಸಿ, ಅವರೇ ತೆಗೆಯಲಿ. ಹೇರ್‌ಪಿನ್, ಬೆಂಕಿಕಡ್ಡಿ ಹಾಕಿ ನೀವೇ ಕೆದಕಬೇಡಿ. ಅಜ್ಜಿ ಬೆಚ್ಚಗೆ ಕೊಬ್ಬರಿ ಎಣ್ಣೆ ಬಿಡುತ್ತೇನೆ ಅಂದರೂ ಬೇಡ ಅನ್ನಿ. ಕಿವಿ ತಮಟೆಯಲ್ಲಿ ತೂತಿದ್ದರೆ ಎಣ್ಣೆಯಿಂದ ಸೋಂಕು ಆಗಬಹುದು. ನೆಗಡಿ ಇದ್ದರೆ ಪರೀಕ್ಷೆ ಮುಂದೆ ಹಾಕಿ.

ಸದ್ದಿಲ್ಲದ ಸಣ್ಣ ಕೋಣೆಯಲ್ಲಿ ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಬಟನ್ ಕೊಡುತ್ತಾರೆ. ‘ಕುಯ್’ ಅಂತ ಸಣ್ಣ ಸದ್ದು ಬಂದಾಗ ಒತ್ತಬೇಕು. ಸದ್ದು ಸಣ್ಣಗಾಗುತ್ತಾ ಹೋಗುತ್ತದೆ. ಕೇಳಿಸಿತೋ ಇಲ್ಲವೋ ಅನ್ನುವಷ್ಟು ಸಣ್ಣದಾದರೂ ಒತ್ತಿ. ಆದರೆ ಊಹೆ ಮಾಡಿ ಒತ್ತಬೇಡಿ, ಇದು ಪಾಸ್ ಆಗಬೇಕಾದ ಪರೀಕ್ಷೆ ಅಂತ ಅಂದುಕೊಳ್ಳಲೇಬೇಡಿ.

ಕೊನೆಗೆ ಒಂದು ಗ್ರಾಫ್ ಬರುತ್ತದೆ. ಅದನ್ನು ಓದಲು ಕಲಿಯಿರಿ, ಐದು ನಿಮಿಷದ ಕೆಲಸ. ಎಡದಿಂದ ಬಲಕ್ಕೆ 250ರಿಂದ 8000 ಹರ್ಟ್ಸ್. ಮೇಲಿಂದ ಕೆಳಕ್ಕೆ ಡೆಸಿಬೆಲ್, ಅಂದರೆ ಸದ್ದು ಎಷ್ಟು ಜೋರು ಅನ್ನುವ ಅಳತೆ. ಗೆರೆ ಕೆಳಗಿಳಿದಷ್ಟೂ ಕಿವಿ ಮಂದ. ಕೆಂಪು ಸೊನ್ನೆ ಬಲಗಿವಿ, ನೀಲಿ ಗುಣಾಕಾರ ಚಿಹ್ನೆ ಎಡಗಿವಿ. ವಯಸ್ಸಿನಿಂದ ಕಿವಿ ಮಂದವಾದರೆ ಗೆರೆ ಬಲಗಡೆಗೆ ಹೋದಂತೆ ಇಳಿಯುತ್ತಲೇ ಹೋಗುತ್ತದೆ. ಗದ್ದಲದಿಂದ ಆದರೆ 4000ದ ಹತ್ತಿರ ಒಂದು ಗುಂಡಿ ಬಿದ್ದು, 8000ದ ಹೊತ್ತಿಗೆ ಮತ್ತೆ ಮೇಲೆ ಬರುತ್ತದೆ. ನನ್ನ ಎಡಗಿವಿಯದ್ದು 2000ದಲ್ಲಿ 15, 3000ದಲ್ಲಿ 25, 4000ದಲ್ಲಿ 40, 8000ದಲ್ಲಿ 20.

ಈಗ ನನಗೆ ‘ಫಿಟ್’ ಅಂತ ಹೇಗೆ ಬಂತು ನೋಡಿ. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಕ್ಲಾಸ್ 1 ಮೆಡಿಕಲ್ ನಿಯಮ ಕೇಳುವುದು ಇಷ್ಟು: 500, 1000, 2000 ಹರ್ಟ್ಸ್‌ನಲ್ಲಿ ನಷ್ಟ 35 ಡೆಸಿಬೆಲ್ ಮೀರಬಾರದು, 3000ದಲ್ಲಿ 50 ಮೀರಬಾರದು. ಎರಡೂ ಕಿವಿಗೂ ಬೇರೆ ಬೇರೆಯಾಗಿ. 4000ದ ಮಾತೇ ಅದರಲ್ಲಿ ಇಲ್ಲ! ನಿಯಮ ತಪ್ಪು ಅಂತ ನಾನು ಹೇಳುತ್ತಿಲ್ಲ. ಇವತ್ತು ನೀವು ವಿಮಾನ ಹಾರಿಸಬಹುದಾ ಅನ್ನುವುದಷ್ಟೇ ಅದರ ಪ್ರಶ್ನೆ. ಹತ್ತು ವರ್ಷದ ನಂತರ ನಿಮ್ಮ ಕಿವಿ ಹೇಗಿರುತ್ತದೆ ಅನ್ನುವ ಪ್ರಶ್ನೆ ನೀವೇ ಕೇಳಿಕೊಳ್ಳಬೇಕು. ಆಡಿಯೋಮೆಟ್ರಿ ಕೂಡ ಆ ನಿಯಮದ ಪ್ರಕಾರ 40 ವರ್ಷದವರೆಗೆ ಐದು ವರ್ಷಕ್ಕೊಮ್ಮೆ, ಆಮೇಲೆ ಎರಡು ವರ್ಷಕ್ಕೊಮ್ಮೆ ಮಾಡಿದರೆ ಸಾಕು. ನೀವು ಪ್ರತಿ ವರ್ಷ ಮಾಡಿಸಿ.

ಮಾಡಿಸಿದ ಮೇಲೆ ಒಂದು ಪುಸ್ತಕದಲ್ಲಿ ಒಂದೊಂದು ಕಿವಿಗೂ ಬೇರೆ ಬೇರೆಯಾಗಿ 2000, 3000, 4000ದ ಅಂಕಿ ಬರೆದು, ಕೂಡಿಸಿ, ಮೂರರಿಂದ ಭಾಗಿಸಿ. ಮೊದಲ ವರ್ಷದ ಸರಾಸರಿಗಿಂತ 10 ಡೆಸಿಬೆಲ್ ಜಾಸ್ತಿಯಾದರೆ ಕಿವಿ ಜಾರುತ್ತಿದೆ ಅಂತ ಅರ್ಥ. ಅಮೆರಿಕದ ಕಾರ್ಖಾನೆಗಳಲ್ಲಿ ಇದೇ ಲೆಕ್ಕ ಇಟ್ಟುಕೊಂಡು ಕೆಲಸಗಾರರನ್ನು ಎಚ್ಚರಿಸುತ್ತಾರೆ.

ಎರಡನೇ ಹೆಜ್ಜೆ: ಕಿವಿಯ ಹಾಜರಿ ಪುಸ್ತಕ ಬರೆಯಿರಿ

ನಮ್ಮ ತೋಟದಲ್ಲಿ ರೈಟರ್ ದಿನಾ ಸಂಜೆ ಹಾಜರಿ ಬರೆಯುತ್ತಾರೆ. ಯಾರು ಎಷ್ಟು ಹೊತ್ತು ಕೆಲಸ ಮಾಡಿದರು ಅಂತ. ಕಿವಿಗೂ ಹಾಗೇ ಒಂದು ಪುಸ್ತಕ ಬೇಕು. ಒಂದೇ ಪುಸ್ತಕ. ಕಾಕ್‌ಪಿಟ್‌ಗೆ ಒಂದು, ಮನೆಗೆ ಒಂದು ಅಂತ ಬೇರೆ ಬೇರೆ ಇಡಲು ಆಗುವುದಿಲ್ಲ. ಒಳಗಿನ ಕೂದಲು ಕೋಶಕ್ಕೆ ಸದ್ದು ಎಲ್ಲಿಂದ ಬಂತು ಅನ್ನುವುದು ಗೊತ್ತಿಲ್ಲ, ಎಷ್ಟು ಬಂತು ಅನ್ನುವುದಷ್ಟೇ ಗೊತ್ತು.

ಲೆಕ್ಕದ ದಾರಿ ಹೀಗಿದೆ. ತಜ್ಞರು ಹೇಳುವ ಮಿತಿ ದಿನಕ್ಕೆ 8 ಗಂಟೆ, 85 ಡೆಸಿಬೆಲ್. ಅದನ್ನು ನೂರು ಪೈಸೆ ಅಂದುಕೊಳ್ಳಿ. 3 ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಎರಡರಷ್ಟಾಗುತ್ತದೆ, ಹಾಗಾಗಿ ಹೊತ್ತು ಅರ್ಧ ಆಗಬೇಕು. 88ಕ್ಕೆ 4 ಗಂಟೆ. 91ಕ್ಕೆ 2 ಗಂಟೆ. 94ಕ್ಕೆ 1 ಗಂಟೆ. 97ಕ್ಕೆ ಅರ್ಧ ಗಂಟೆ. 100ಕ್ಕೆ ಕಾಲು ಗಂಟೆ, ಅಷ್ಟೇ. ಕೆಳಕ್ಕೂ ಇದೇ ಲೆಕ್ಕ, 82ಕ್ಕೆ 16 ಗಂಟೆ.

ದೊಡ್ಡ ಜೆಟ್ ವಿಮಾನದ ಕಾಕ್‌ಪಿಟ್‌ನಲ್ಲಿ ಸದ್ದು ಹೆಚ್ಚಾಗಿ 75ರಿಂದ 85ರ ನಡುವೆ ಇರುತ್ತದೆ. ಎಟಿಆರ್ ತರದ ಪ್ರೊಪೆಲ್ಲರ್ ವಿಮಾನದಲ್ಲಿ ಅದರ ಮೇಲ್ಮಟ್ಟದ ಕಡೆಗೇ ಇರುತ್ತದೆ ಅಂತ ಇಟ್ಟುಕೊಳ್ಳಿ. ಕಲಿಯುವವರ ಸೆಸ್ನಾ 172 ಇವೆರಡಕ್ಕಿಂತ ಗಲಾಟೆ, 90ರ ಆಸುಪಾಸು. ಹೌದು, ಸಣ್ಣ ವಿಮಾನವೇ ಕಿವಿಗೆ ದೊಡ್ಡ ಶತ್ರು. ಬೆಂಗಳೂರಿನ ಜಕ್ಕೂರಿನಲ್ಲಿ ವಿಮಾನ ಹಾರಿಸಲು ಕಲಿಯಲು ಸೇರುವ ಮಕ್ಕಳ ಅಪ್ಪ ಅಮ್ಮಂದಿರಿಗೆ ಇದು ಗೊತ್ತಿರಲಿ.

ಈಗ ನನ್ನದೇ ಪುಸ್ತಕ ತೋರಿಸುತ್ತೇನೆ. ಒಂದು ದಿನ 5 ಗಂಟೆ ಹಾರಾಟ, ಕಿವಿಗೆ ಬಿದ್ದದ್ದು 82 ಅಂತ ಇಟ್ಟುಕೊಳ್ಳಿ. 16ರಲ್ಲಿ 5, ಅಂದರೆ 31 ಪೈಸೆ. ಮಿತಿಯೊಳಗೇ ಇದೆ. ಅದೇ ವಾರ ರಜೆಗೆ ಊರಿಗೆ ಬಂದೆ. ಅಪ್ಪನಿಗೆ ವಯಸ್ಸಾಗಿದೆ, ಮಳೆಗಾಲದಲ್ಲಿ ಕಳೆ ಕೊಚ್ಚಲು ಜನ ಸಿಗುವುದಿಲ್ಲ. ನಾನೇ ವೀಡ್ ಕಟರ್ ಹೆಗಲಿಗೆ ಹಾಕಿಕೊಂಡು ಎರಡು ಗಂಟೆ ಹೊಡೆದೆ. ಪೆಟ್ರೋಲ್ ವೀಡ್ ಕಟರ್ ಕಿವಿಯ ಹತ್ತಿರ ಸುಲಭವಾಗಿ 95 ದಾಟುತ್ತದೆ. 97 ಅಂತ ಹಿಡಿದರೆ ಅರ್ಧ ಗಂಟೆಗೆ ನೂರು ಪೈಸೆ. ಎರಡು ಗಂಟೆಗೆ ನಾನೂರು. ಅಂದರೆ ಒಂದು ಬೆಳಿಗ್ಗೆಯ ಕಳೆ ಕೆಲಸ ಹದಿಮೂರು ದಿನದ ಹಾರಾಟಕ್ಕೆ ಸಮ.

ಈ ಲೆಕ್ಕ ಹಾಕಿದ ದಿನ ನಾನು ಪೆನ್ನು ಕೆಳಗಿಟ್ಟು ಸುಮ್ನೆ ಕೂತುಬಿಟ್ಟೆ. ಇಷ್ಟು ವರ್ಷ ವಿಮಾನವನ್ನೇ ದೂರುತ್ತಿದ್ದೆ.

ನಿಮ್ಮ ಅಂಕಿ ಹೇಗೆ ಸಿಗುತ್ತದೆ? ಕಂಪನಿಯ ಸೇಫ್ಟಿ ವಿಭಾಗದಲ್ಲಿ ನಿಮ್ಮ ವಿಮಾನದ ಕಾಕ್‌ಪಿಟ್ ಸದ್ದಿನ ಅಳತೆ ಕೇಳಿ. ನೆಲದ ಮೇಲಿನ ಯಂತ್ರಗಳಿಗೆ ಫೋನಿನ ಸೌಂಡ್ ಮೀಟರ್ ಆ್ಯಪ್ ಸಾಕು, ಅಂದಾಜು ಸಿಗುತ್ತದೆ. ಅದರ ಸೆಟ್ಟಿಂಗ್‌ನಲ್ಲಿ ‘ಎ ವೆಯ್ಟಿಂಗ್’ (dBA) ಆರಿಸಿಕೊಳ್ಳಿ, ಮನುಷ್ಯರ ಕಿವಿಗೆ ಕೇಳಿಸುವ ಹಾಗೆ ಅಳೆಯುವ ಬಗೆ ಅದು. ಹಾರಿಸುತ್ತಿರುವಾಗ ಫೋನ್ ಹಿಡಿದು ಅಳೆಯುವ ಸಾಹಸ ಬೇಡ. ಫೋನೂ ಇಲ್ಲ ಅಂದರೆ ಒಂದು ಹಳೇ ಉಪಾಯ ಇದೆ: ಒಂದು ತೋಳಿನಷ್ಟು ದೂರದಲ್ಲಿ ನಿಂತವರ ಜೊತೆ ಮಾತಾಡಲು ದನಿ ಏರಿಸಬೇಕಾಗಿ ಬಂದರೆ, ಅಲ್ಲಿ 85 ದಾಟಿದೆ ಅಂತಲೇ ತಿಳಿಯಿರಿ.

ಮೂರನೇ ಹೆಜ್ಜೆ: ಹೆಡ್‌ಸೆಟ್ ಸರಿಯಾಗಿ ಕೂರಲಿ

ಹೆಡ್‌ಸೆಟ್‌ನಲ್ಲಿ ಎರಡು ಬಗೆ. ಒಂದು ಬರೀ ದಪ್ಪ ಬಟ್ಟಲಿನಿಂದ ಸದ್ದು ತಡೆಯುವುದು. ಇನ್ನೊಂದು ಬಟ್ಟಲಿನೊಳಗೆ ಸಣ್ಣ ಮೈಕ್ ಇಟ್ಟು, ಬಂದ ಸದ್ದಿಗೆ ತದ್ವಿರುದ್ಧ ಅಲೆ ಹುಟ್ಟಿಸಿ ಸದ್ದನ್ನು ಸದ್ದಿನಿಂದಲೇ ಕಡಿಮೆ ಮಾಡುವುದು. ಇದನ್ನು ಎಎನ್ಆರ್ ಅನ್ನುತ್ತೇವೆ. ಅಮರ್ ಬೋಸ್ ಅವರಿಗೆ ಈ ಯೋಚನೆ ಹೊಳೆದದ್ದು 1978ರಲ್ಲಿ, ವಿಮಾನದಲ್ಲಿ ಪ್ರಯಾಣಿಕರಾಗಿ ಕೂತಿದ್ದಾಗ. ಅವರ ಕಂಪನಿ ಪೈಲಟ್‌ಗಳಿಗೆ ಅಂಥ ಹೆಡ್‌ಸೆಟ್ ಮಾರಲು ಶುರು ಮಾಡಿದ್ದು 1989ರಲ್ಲಿ. ಎಎನ್ಆರ್ ಕೆಲಸ ಮಾಡುವುದು ಕೆಳಸ್ವರದ ಗುಂಯ್ ಸದ್ದಿನ ಮೇಲೆ, ಅಂದರೆ ಎಂಜಿನ್, ಪ್ರೊಪೆಲ್ಲರ್ ಮೇಲೆ. ಮೇಲಿನ ಸ್ವರದ ಗಾಳಿ ಸದ್ದನ್ನು ತಡೆಯುವುದು ಇಲ್ಲೂ ಬಟ್ಟಲೇ. ಹಾಗಾಗಿ ಎಷ್ಟೇ ದುಬಾರಿ ಹೆಡ್‌ಸೆಟ್ ಆದರೂ ಬಟ್ಟಲು ಕಿವಿ ಸುತ್ತ ಬಿಗಿಯಾಗಿ ಕೂರಬೇಕು.

ಕೂತಿದೆಯಾ ಅಂತ ನೋಡುವುದು ಸುಲಭ. ಎಂಜಿನ್ ಓಡುತ್ತಿರುವಾಗ ಎರಡೂ ಬಟ್ಟಲನ್ನು ಅಂಗೈಯಿಂದ ತಲೆಗೆ ಮೆಲ್ಲಗೆ ಒತ್ತಿ. ಸದ್ದು ಥಟ್ಟನೆ ಕಡಿಮೆಯಾದರೆ ಎಲ್ಲೋ ಸೋರುತ್ತಿದೆ. ಸೋರುವ ಜಾಗಗಳು ನನಗೆ ಬಾಯಿಪಾಠ. ಕನ್ನಡಕದ ದಪ್ಪ ಕಡ್ಡಿ. ಕಿವಿ ಮೇಲೆ ಬಂದ ಜಡೆ ಕೂದಲು. ನೇತಾಡುವ ಓಲೆ. ಬೆವರಿಗೆ ಗಟ್ಟಿಯಾದ, ಬಿರುಕು ಬಿಟ್ಟ ಕುಶನ್. ಕನ್ನಡಕಕ್ಕೆ ತೆಳು ಕಡ್ಡಿಯ ಫ್ರೇಮ್ ಮಾಡಿಸಿಕೊಂಡೆ, ಓಲೆ ತೆಗೆದು ಸಣ್ಣ ಬೆಂಡೋಲೆಗೆ ಬಂದೆ. ಕುಶನ್ ಹಿಸುಕಿದರೆ ಸ್ಪಂಜಿನ ಹಾಗೆ ಮೇಲೆ ಬರಬೇಕು, ಬರದಿದ್ದರೆ ಆ ದಿನವೇ ಬದಲಿಸಿ. ನಾನು ಕಲಿತ ಕಡೆ ಎಲ್ಲರಿಗೂ ಸೇರಿ ಇಟ್ಟಿದ್ದ ಹೆಡ್‌ಸೆಟ್‌ಗಳ ಕುಶನ್ ಹಪ್ಪಳದ ಹಾಗೆ ಗರಿಗರಿ ಆಗಿತ್ತು. ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನೀವು ಕೇಳಿ. ಆದರೆ ಸ್ವಂತದ್ದೊಂದು ತೆಗೆದುಕೊಳ್ಳುವುದು ಇನ್ನೂ ಒಳ್ಳೆಯದು.

ಆಮೇಲೆ ವಾಲ್ಯೂಮ್. ಇದು ಬಹಳ ಮುಖ್ಯ, ಯಾಕೆಂದರೆ ರೇಡಿಯೋ ಸದ್ದು ನೇರವಾಗಿ ಕಿವಿಯೊಳಗೇ ಬರುತ್ತದೆ. ಸುತ್ತಲಿನ ಗದ್ದಲದ ಮೇಲೆ ಮಾತು ಕೇಳಿಸಬೇಕು ಅಂತ ನಾವು ಅದನ್ನು ಏರಿಸುತ್ತೇವೆ. ಮೊದಲು ಎಎನ್ಆರ್ ಹಾಕಿ, ಆಮೇಲೆ ವಾಲ್ಯೂಮ್ ಇಳಿಸಿ. ಎಷ್ಟೋ ಜನ ಎಎನ್ಆರ್ ಕೊಂಡೂ ಹಳೇ ವಾಲ್ಯೂಮ್‌ನಲ್ಲೇ ಇರುತ್ತಾರೆ. ಹಾರುತ್ತಾ ಹಾರುತ್ತಾ ಕಿವಿ ದಣಿದು ಮಂದವಾಗುತ್ತದೆ, ಕೈ ತಾನೇ ನಾಬ್ ತಿರುಗಿಸುತ್ತದೆ. ಮೇಲೆ ಹೋಗಿ ನೆಲೆಯಾದ ಮೇಲೆ ಒಮ್ಮೆ ನಾಬ್ ಎಲ್ಲಿದೆ ನೋಡಿ, ಒಂದು ಗೆರೆ ಕೆಳಗೆ ತನ್ನಿ. ಮಾತು ತಿಳಿಯುತ್ತಿದೆಯಾ? ಅಲ್ಲೇ ಬಿಡಿ.

ಇನ್ನು ನನ್ನ ಎಡಗಿವಿಯ ಕತೆ. ಕಾಕ್‌ಪಿಟ್‌ನಲ್ಲಿ ಪಕ್ಕದವರ ಮಾತು ಕೇಳಿಸಲಿ ಅಂತ ಒಂದು ಬಟ್ಟಲನ್ನು ಕಿವಿಯಿಂದ ಹಿಂದಕ್ಕೆ ಸರಿಸುವ ಅಭ್ಯಾಸ ತುಂಬಾ ಜನಕ್ಕಿದೆ. ಎಡ ಸೀಟಿನ ಕ್ಯಾಪ್ಟನ್ ಬಲಗಿವಿ ತೆರೆದಿಡುತ್ತಾರೆ, ಬಲ ಸೀಟಿನ ಫಸ್ಟ್ ಆಫೀಸರ್ ಎಡಗಿವಿ. ನಾನು ಬಲ ಸೀಟಿನಲ್ಲಿ ವರ್ಷಗಟ್ಟಲೆ ಹಾಗೇ ಕೂತೆ. ತೆರೆದ ಕಿವಿಗೆ ಗದ್ದಲ ಪೂರ್ತಿ ಬಿತ್ತು. ಮುಚ್ಚಿದ ಕಿವಿಗಾದರೂ ಲಾಭ ಆಯಿತಾ ಅಂದರೆ ಅದೂ ಇಲ್ಲ. ಒಂದೇ ಕಿವಿಯಲ್ಲಿ ಕೇಳಬೇಕಾದ್ದರಿಂದ ವಾಲ್ಯೂಮ್ ಏರಿಸಿದ್ದೆ. ಇದಕ್ಕೆ ಮದ್ದು ಸುಲಭ: ಇಂಟರ್‌ಕಾಮ್ ಹಾಕಿ, ಇಬ್ಬರೂ ಎರಡೂ ಕಿವಿ ಮುಚ್ಚಿಕೊಂಡು ಅದರಲ್ಲೇ ಮಾತಾಡಿ. ಹಿರಿಯ ಕ್ಯಾಪ್ಟನ್ ಪಕ್ಕ ಕೂತಾಗ ಹೇಳಲು ಮುಜುಗರ ಆಗುತ್ತದೆ, ನನಗೂ ಆಗುತ್ತಿತ್ತು. ಹೊರಡುವ ಮೊದಲಿನ ಬ್ರೀಫಿಂಗ್‌ನಲ್ಲೇ, "ಸರ್, ಇಂಟರ್‌ಕಾಮ್ ಆನ್ ಇಟ್ಕೊಳ್ಳೋಣ್ವಾ?" ಅಂತ ಕೇಳಿದರೆ ಯಾರೂ ಬೇಡ ಅನ್ನುವುದಿಲ್ಲ.

ನಾಲ್ಕನೇ ಹೆಜ್ಜೆ: ಜೇಬಿನಲ್ಲಿ ಯಾವಾಗಲೂ ಇಯರ್‌ಪ್ಲಗ್

ಹಾರುವ ಮೊದಲು ವಿಮಾನದ ಸುತ್ತ ನಡೆದು ನೋಡುತ್ತೇವಲ್ಲ, ಆ ಹತ್ತು ನಿಮಿಷ ಕಾಕ್‌ಪಿಟ್‌ಗಿಂತ ಕೆಟ್ಟದ್ದು. ಪಕ್ಕದಲ್ಲಿ ನಿಂತ ಇನ್ನೊಂದು ವಿಮಾನದ ಎಪಿಯು, ಅಂದರೆ ನೆಲದ ಮೇಲಿರುವಾಗ ಕರೆಂಟು, ಗಾಳಿ ಕೊಡುವ ಸಣ್ಣ ಎಂಜಿನ್, ಓಡುತ್ತಿರುತ್ತದೆ. ಎಟಿಆರ್‌ನಲ್ಲಿ ಎಪಿಯು ಇಲ್ಲ. ಅದರ ಬದಲು ಬಲಗಡೆ ಎಂಜಿನ್ನನ್ನೇ ಪ್ರೊಪೆಲ್ಲರ್‌ಗೆ ಬ್ರೇಕ್ ಹಾಕಿ ಓಡಿಸಿ ಕರೆಂಟು, ಗಾಳಿ ತೆಗೆದುಕೊಳ್ಳುತ್ತಾರೆ. ಹೋಟೆಲ್ ಮೋಡ್ ಅಂತ ಹೆಸರು. ಪ್ರೊಪೆಲ್ಲರ್ ತಿರುಗುತ್ತಿಲ್ಲವಲ್ಲ ಅಂತ ಕಿವಿ ಮುಚ್ಚದೆ ಹತ್ತಿರ ಹೋಗಬೇಡಿ. ಎಂಜಿನ್ ಕಿರುಚುತ್ತಲೇ ಇರುತ್ತದೆ, ಅದೂ ನಮ್ಮ ಕಿವಿಗೆ ಆಗದ ಮೇಲಿನ ಸ್ವರದಲ್ಲಿ.

ಹಳದಿ ಫೋಮ್ ಪ್ಲಗ್ ಒಂದು ಜೊತೆಗೆ ಹತ್ತಿಪ್ಪತ್ತು ರೂಪಾಯಿ. ಅದನ್ನು ಹಾಕುವ ಬಗೆ ಗೊತ್ತಿಲ್ಲದೆ ಕಿವಿ ಬಾಯಲ್ಲಿ ಸುಮ್ನೆ ಸಿಕ್ಕಿಸಿಕೊಳ್ಳುವವರೇ ಜಾಸ್ತಿ. ಸರಿಯಾದ ಕ್ರಮ ಹೇಳುತ್ತೇನೆ. ಕೈ ತೊಳೆಯಿರಿ. ಪ್ಲಗ್ಗನ್ನು ಬೆರಳ ತುದಿಯಲ್ಲಿ ಬೀಡಿ ಸುತ್ತುವ ಹಾಗೆ ಮೆಲ್ಲಗೆ ಉರುಳಿಸಿ, ನೆರಿಗೆ ಬೀಳದ ಹಾಗೆ ಸಣ್ಣ ಕಡ್ಡಿ ಮಾಡಿ. ಬಲಗಿವಿಗೆ ಹಾಕುವುದಾದರೆ ಎಡಗೈಯನ್ನು ತಲೆಯ ಮೇಲಿಂದ ತಂದು ಬಲಗಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ಕಿವಿ ದಾರಿ ಅಂಕುಡೊಂಕು ಇದೆ, ಎಳೆದರೆ ನೆಟ್ಟಗಾಗುತ್ತದೆ. ಪ್ಲಗ್ ಒಳಗೆ ತಳ್ಳಿ, ಬೆರಳ ತುದಿಯಿಂದ ಮೂವತ್ತು ಎಣಿಸುವವರೆಗೆ ಒತ್ತಿ ಹಿಡಿಯಿರಿ. ಅದು ಒಳಗೆ ಉಬ್ಬಿ ಕೂರುತ್ತದೆ. ನಿಮ್ಮ ದನಿ ನಿಮಗೇ ಕೊಡದೊಳಗಿಂದ ಬಂದಂತೆ ಕೇಳಿಸಿದರೆ ಸರಿಯಾಗಿದೆ. ಇನ್ನೊಂದು ಪರೀಕ್ಷೆ: ಎರಡೂ ಅಂಗೈಯಿಂದ ಕಿವಿ ಮುಚ್ಚಿ ತೆಗೆಯಿರಿ. ಸದ್ದಿನಲ್ಲಿ ದೊಡ್ಡ ವ್ಯತ್ಯಾಸ ಇಲ್ಲದಿದ್ದರೆ ಪ್ಲಗ್ ಕೂತಿದೆ. ವ್ಯತ್ಯಾಸ ಇದ್ದರೆ ತೆಗೆದು ಮತ್ತೆ ಹಾಕಿ.

ಡಬ್ಬಿ ಮೇಲೆ ಬರೆದ ಅಂಕಿಯಷ್ಟು ಸದ್ದು ನಿಜವಾಗಿ ಕಡಿಮೆಯಾಗುವುದಿಲ್ಲ. ಅರ್ಧ ಅಂತ ಹಿಡಿದುಕೊಳ್ಳಿ. ಹತ್ತಿ ಉಂಡೆ ಮಾಡಿ ಇಟ್ಟುಕೊಳ್ಳುವುದು ಮಾತ್ರ ಲೆಕ್ಕಕ್ಕೇ ಬರುವುದಿಲ್ಲ. ಹತ್ತಿಯ ನಡುವಿಂದ ಸದ್ದು ಆರಾಮಾಗಿ ಒಳಗೆ ಹೋಗುತ್ತದೆ.

ಸೆಸ್ನಾದಲ್ಲಿ ಕಲಿಯುವವರು ಹೆಡ್‌ಸೆಟ್ ಒಳಗೂ ಫೋಮ್ ಪ್ಲಗ್ ಹಾಕಿಕೊಳ್ಳಬಹುದು. ಮಾತು ತಿಳಿಯುತ್ತದಾ ಅಂತ ಮೊದಲು ನೆಲದ ಮೇಲೆ ಇನ್‌ಸ್ಟ್ರಕ್ಟರ್ ಜೊತೆ ನೋಡಿಕೊಳ್ಳಿ.

ಐದನೇ ಹೆಜ್ಜೆ: ರಜೆಯ ದಿನ

ಎರಡು ಹಾರಾಟದ ನಡುವೆ ಕಿವಿಗೂ ರಜೆ ಬೇಕು. ಕೊನೆಯ ಹಾರಾಟ ಮುಗಿಸಿ, ಬೆಂಗಳೂರಿನಿಂದ ಊರಿಗೆ ಬರುವ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿ, ಬಸ್ಸಿನ ಗದ್ದಲದ ಮೇಲೆ ಹಾಡು ಕೇಳಲಿ ಅಂತ ಪೂರ್ತಿ ಏರಿಸಿ, ಹಾಸನ ದಾಟುವವರೆಗೂ ಕೇಳಿದರೆ ಪುಸ್ತಕದಲ್ಲಿ ಇನ್ನೊಂದು ಸಾಲು ಸೇರಿತು ಅಂತ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಅಂತ. ಬಸ್ಸಿನಲ್ಲಿ 80 ಸಾಲುವುದೇ ಇಲ್ಲ, ಏರಿಸಲೇಬೇಕಾಗುತ್ತದೆ. ಹಾಗಾಗಿ ನಾನು ಬಸ್ಸಿನಲ್ಲಿ ನಿದ್ದೆ ಮಾಡುತ್ತೇನೆ.

ತೋಟದ ಯಂತ್ರಗಳ ಬಗ್ಗೆ ಮೇಲೆ ಹೇಳಿದೆ. ಮರಗಸಿ ಮಾಡುವ, ಅಂದರೆ ನೆರಳಿನ ಮರದ ಕೊಂಬೆ ಕಡಿಯುವ ಚೈನ್ ಸಾ ವೀಡ್ ಕಟರ್‌ಗಿಂತ ಜೋರು, 100 ದಾಟುತ್ತದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಡೀಸೆಲ್ ಜನರೇಟರ್ ಪಕ್ಕ ನಿಂತು ಕೆಲಸ ಮಾಡಿಸುವವರೂ ಮಫ್ ಹಾಕಲಿ. ಕಿವಿ ಪೂರ್ತಿ ಮುಚ್ಚುವ ಮಫ್ ಸರಿಯಾಗಿ ಕೂತು 20 ಡೆಸಿಬೆಲ್ ಕಡಿಮೆ ಮಾಡಿದರೂ ನನ್ನ ಆ 97, 77ಕ್ಕೆ ಬರುತ್ತದೆ. ನಾನೂರು ಪೈಸೆ ನಾಲ್ಕು ಪೈಸೆಗೆ ಇಳಿಯುತ್ತದೆ.

ಕೋವಿ ಮತ್ತು ಗರ್ನಾಲು ಬೇರೆಯೇ ಮಾತು. ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆ ಆನೆ ಬಂದರೆ ಪಟಾಕಿ ಹೊಡೆಯದೆ ಗತಿ ಇಲ್ಲ, ನನಗೆ ಗೊತ್ತು. ಆದರೆ ಹತ್ತಿರದಲ್ಲಿ ಸಿಡಿದ ಗರ್ನಾಲು, ಕಿವಿ ಪಕ್ಕದ ಕೋವಿ 140 ಡೆಸಿಬೆಲ್ ದಾಟಬಹುದು. ಅಲ್ಲಿ ಗಂಟೆ, ನಿಮಿಷದ ಲೆಕ್ಕ ಇಲ್ಲ. ಒಂದೇ ಏಟಿಗೆ ಕಿವಿ ಹೋಗಬಹುದು. ಪೈಲಟ್ ಆದವರು ಆ ಕೆಲಸ ಬೇರೆಯವರಿಗೆ ಬಿಡಿ, ಬಿಡಲು ಆಗದಿದ್ದರೆ ಪ್ಲಗ್ ಮೇಲೆ ಮಫ್ ಹಾಕಿ.

ಕಿವಿ ದಣಿದಿದೆಯಾ ಅಂತ ತಿಳಿಯಲು ನಾನು ಮಾಡುವುದು ಇದು. ಡ್ಯೂಟಿಗೆ ಹೋಗುವಾಗ ಕಾರಿನ ರೇಡಿಯೋವನ್ನು ಮಾತು ತಿಳಿಯುವಷ್ಟಕ್ಕೆ ಇಟ್ಟು, ಹಾಗೇ ಕಾರು ನಿಲ್ಲಿಸಿ ಹೋಗುತ್ತೇನೆ. ವಾಪಸ್ ಬಂದು ಹಾಕಿದಾಗ ಅದೇ ವಾಲ್ಯೂಮ್‌ನಲ್ಲಿ ಮಾತು ತಿಳಿಯದಿದ್ದರೆ ಆ ದಿನ ಕಿವಿಗೆ ಜಾಸ್ತಿ ಬಿದ್ದಿದೆ. ಮಾರನೇ ದಿನ ಕಟರ್ ಮುಟ್ಟುವುದಿಲ್ಲ.

ನೆಗಡಿ, ಮಾತ್ರೆ

ಇದು ಗದ್ದಲದ ವಿಷಯ ಅಲ್ಲ, ಆದರೂ ಕಿವಿಯದ್ದೇ. ಚಾರ್ಮಾಡಿ ಘಾಟಿ ಇಳಿಯುವಾಗ ಕಿವಿ ಕಟ್ಟುತ್ತದೆ, ಅಲ್ವಾ? ಹಾರುವಾಗ ವಿಮಾನದ ಒಳಗಿನ ಗಾಳಿಯ ಒತ್ತಡ ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ತುದಿಯಲ್ಲಿ ಅಥವಾ ಅದಕ್ಕಿಂತ ಸ್ವಲ್ಪ ಮೇಲೆ ನಿಂತಷ್ಟೇ ಇರುತ್ತದೆ. ಅಲ್ಲಿಂದ ಅರ್ಧ ಗಂಟೆಯಲ್ಲಿ ಮಂಗಳೂರಿನ ಮಟ್ಟಕ್ಕೆ ಇಳಿಯುತ್ತೇವೆ. ನೆಗಡಿಯಲ್ಲಿ ಮೂಗಿನಿಂದ ಕಿವಿಗೆ ಹೋಗುವ ನಾಳ ಮುಚ್ಚಿಕೊಂಡಿದ್ದರೆ ತಮಟೆ ಹರಿಯಬಹುದು. ಮೂಗು ಹಿಡಿದು, ಬಾಯಿ ಮುಚ್ಚಿ ಮೆಲ್ಲಗೆ ಊದಿದಾಗ ಎರಡೂ ಕಿವಿ ‘ಟಪ್’ ಅನ್ನಬೇಕು. ಅನ್ನದಿದ್ದರೆ ಆ ದಿನ ಹಾರಬೇಡಿ. ಅಂಗಡಿಯಲ್ಲಿ ನೆಗಡಿ ಮಾತ್ರೆ ತೆಗೆದುಕೊಂಡು ಹಾರುವುದೂ ಬೇಡ, ಎಷ್ಟೋ ಮಾತ್ರೆಗಳಿಂದ ತೂಕಡಿಕೆ ಬರುತ್ತದೆ.

ಬೇರೆ ಕಾಯಿಲೆಗೆ ಇಂಜೆಕ್ಷನ್ ಕೊಡುವಾಗ ‘ನಾನು ಪೈಲಟ್, ಗದ್ದಲದಲ್ಲಿ ಕೆಲಸ’ ಅಂತ ಡಾಕ್ಟರಿಗೆ ಹೇಳಿ. ಜೆಂಟಾಮೈಸಿನ್, ಅಮಿಕಾಸಿನ್ ತರದ ಔಷಧಿಗಳು ಒಳಕಿವಿಗೆ ಪೆಟ್ಟು ಕೊಡಬಲ್ಲವು. ಬೇಕೇ ಬೇಕಾದರೆ ಅವರು ಕೊಡುತ್ತಾರೆ, ಬೇರೆ ದಾರಿ ಇದ್ದರೆ ಅದನ್ನು ನೋಡುತ್ತಾರೆ.

ಆರನೇ ಹೆಜ್ಜೆ: ಗುರುತು ಕಂಡರೆ ಮುಚ್ಚಿಡಬೇಡಿ

ಒಂದು ರಾತ್ರಿ ಹೋಟೆಲಿನಲ್ಲಿ ಮಲಗಿದ್ದೆ. ನಾಲ್ಕನೇ ಮಹಡಿ, ಕಿಟಕಿ ಮುಚ್ಚಿತ್ತು. ಜೀರುಂಡೆ ಕೂಗುತ್ತಿತ್ತು, ನಮ್ಮೂರ ಮಳೆಗಾಲದ ರಾತ್ರಿಯ ಹಾಗೆ. ಇಲ್ಲಿ ಎಲ್ಲಿಂದ ಬಂತು ಜೀರುಂಡೆ ಅಂತ ಎದ್ದು ಕಿಟಕಿ ತೆಗೆದೆ. ಹೊರಗೆ ರಸ್ತೆಯ ಸದ್ದು. ಮುಚ್ಚಿದೆ, ಮತ್ತೆ ಜೀರುಂಡೆ. ಅದು ನನ್ನ ಕಿವಿಯೊಳಗೇ ಇತ್ತು. ಅದರ ಹೆಸರು ಟಿನಿಟಸ್. ಕೂದಲು ಕೋಶ ಪೆಟ್ಟು ತಿಂದಾಗ ಮಿದುಳು ಇಲ್ಲದ ಸದ್ದನ್ನು ಕೇಳಿಸಿಕೊಳ್ಳುತ್ತದೆ. ಒಂದೆರಡು ಗಂಟೆಯಲ್ಲಿ ಹೋದರೆ ಅದು ಎಚ್ಚರಿಕೆ. ದಿನಗಟ್ಟಲೆ ಇದ್ದರೆ ಡಾಕ್ಟರ ಹತ್ತಿರ ಹೋಗಬೇಕು.

ಒಂದು ವಿಷಯಕ್ಕೆ ಮಾತ್ರ ಕಾಯಲೇಬೇಡಿ. ಬೆಳಿಗ್ಗೆ ಎದ್ದಾಗ, ಅಥವಾ ಒಂದು ಸಿಡಿತದ ನಂತರ, ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದೇ ಹೋದರೆ ‘ನೆಗಡಿ ಇರಬೇಕು, ಹೋಗುತ್ತೆ’ ಅಂತ ಕೂರಬೇಡಿ. ಅದೇ ದಿನ ಕಿವಿ ಡಾಕ್ಟರನ್ನು ನೋಡಿ. ಮೊದಲ ಕೆಲವು ದಿನಗಳಲ್ಲಿ ಚಿಕಿತ್ಸೆ ಶುರುವಾದರೆ ಕೇಳುವಿಕೆ ವಾಪಸ್ ಬರುವ ಅವಕಾಶ ಜಾಸ್ತಿ.

ಲೈಸೆನ್ಸ್ ಹೋಗುತ್ತದೆ ಅನ್ನುವ ಹೆದರಿಕೆಯಿಂದ ಪೈಲಟ್‌ಗಳು ಕಿವಿಯ ಮಾತು ಎತ್ತುವುದಿಲ್ಲ. ನನಗೂ ಆ ಹೆದರಿಕೆ ಇತ್ತು. ಆದರೆ ಮೇಲಿನ ಅಂಕಿ ಇನ್ನೊಮ್ಮೆ ನೋಡಿ, ನಿಯಮದ ಗೆರೆ ತುಂಬಾ ಕೆಳಗಿದೆ. ಗುಂಡಿ 4000ದಲ್ಲಿ ಇರುವಾಗಲೇ ಹೇಳಿದರೆ ಕಳೆದುಕೊಳ್ಳುವುದು ಏನೂ ಇಲ್ಲ. ಅದು ಅಗಲವಾಗಿ 3000, 2000ಕ್ಕೆ ಬರುವವರೆಗೆ ಮುಚ್ಚಿಟ್ಟರೆ ಆಗ ನಿಜವಾಗಿ ಕಷ್ಟ. ಆ ಹಂತದಲ್ಲೂ ಕಾಕ್‌ಪಿಟ್ ಗದ್ದಲ ಹಿನ್ನೆಲೆಯಲ್ಲಿಟ್ಟು ಮಾತು ಕೇಳಿಸಿ ಪರೀಕ್ಷಿಸುವ ಅವಕಾಶ ನಿಯಮದಲ್ಲೇ ಇದೆ. ಮುಂದಿನ ಮೆಡಿಕಲ್‌ಗೆ ಹೋದಾಗ ನಾನು ನನ್ನ ಹತ್ತಿರ ಇದ್ದಷ್ಟು ಆಡಿಯೋಗ್ರಾಂ ತೆಗೆದುಕೊಂಡು ಹೋಗಿ ಡಾಕ್ಟರ ಮುಂದೆ ಇಟ್ಟೆ. ಅವರು ಇಪ್ಪತ್ತು ನಿಮಿಷ ಕೂತು ಮಾತಾಡಿದರು. ಅಷ್ಟು ಹೊತ್ತು ಯಾವ ಡಾಕ್ಟರೂ ನನ್ನ ಕಿವಿ ಬಗ್ಗೆ ಮಾತಾಡಿರಲಿಲ್ಲ.

ಕೊನೆಯದಾಗಿ, ತೋಟದಲ್ಲಿ

ನನ್ನನ್ನಾದರೂ ಮೆಡಿಕಲ್‌ಗೆ ಕರೆಯುತ್ತಾರೆ. ನಮ್ಮ ತೋಟದಲ್ಲಿ ಹದಿನೈದು ವರ್ಷದಿಂದ ವೀಡ್ ಕಟರ್ ಹೊಡೆಯುವ ಕೆಲಸದ ಅಣ್ಣನನ್ನು ಯಾರೂ ಕರೆದಿಲ್ಲ. ಅವರ ಜೊತೆ ಮಾತಾಡಬೇಕಾದರೆ ಎದುರಿಗೇ ನಿಲ್ಲಬೇಕು, ಬೆನ್ನ ಹಿಂದಿನಿಂದ ಕರೆದರೆ ತಿರುಗುವುದಿಲ್ಲ. ನಾವೆಲ್ಲ ಅದನ್ನು ಅವರ ಸ್ವಭಾವ ಅಂತ ಅಂದುಕೊಂಡಿದ್ದೆವು. ಕಳೆದ ವರ್ಷ ನನ್ನ ಜೊತೆಗೆ ಅವರಿಗೂ ಕಿವಿ ಪರೀಕ್ಷೆ ಮಾಡಿಸಿದೆ. ಅವರ ಗೆರೆ ನನ್ನದಕ್ಕಿಂತ ತುಂಬಾ ಕೆಳಗಿತ್ತು.

ಈಗ ಸ್ಟೋರ್ ಗೋಡೆಯಲ್ಲಿ ಕಟರ್ ನೇತು ಹಾಕುವ ಮೊಳೆಯ ಪಕ್ಕ ಇನ್ನೊಂದು ಮೊಳೆ ಹೊಡೆದಿದ್ದೇವೆ. ಅದರಲ್ಲಿ ಎರಡು ಮಫ್, ಒಂದು ಅವರದ್ದು, ಒಂದು ನನ್ನದು. ಪೆಟ್ರೋಲ್ ಕ್ಯಾನ್ ರೈಟರ್ ಹತ್ತಿರ ಇರುತ್ತದೆ. ಮಫ್ ತಲೆ ಮೇಲಿದ್ದರೆ ಮಾತ್ರ ಪೆಟ್ರೋಲ್ ಕೊಡುತ್ತಾರೆ.